ಓದಲೊಲ್ಲದವರ ಮನೆಬಾಗಿಲಿಗೆ ಪುಸ್ತಕ ಹೊತ್ತವರು

ಗುತ್ತಲ ಸೀಮೆಯು ಇತಿಹಾಸಕಾರರಿಗೆ ಹೊಸದಲ್ಲ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಇಲ್ಲಿಂದ ಆಳಿದ ಗುತ್ತ ಅರಸರು ತಮ್ಮ ವಂಶವನ್ನು ಉಜ್ಜಯಿನಿಯ ಚಂದ್ರಗುಪ್ತನವರೆಗೆ ಒಯ್ದು ಹೇಳಿಕೊಂಡ ಸಂಗತಿಯು ಶಾಸನಗಳಿಂದ ತಿಳಿದುಬರುತ್ತದೆ. ಆದರೆ ಅರಸರ ಚರಿತ್ರೆಯಷ್ಟೇ ಆದರದಿಂದ ಸ್ಮರಿಸತಕ್ಕ ಇನ್ನೊಂದು ಚರಿತ್ರೆ ಈ ಸೀಮೆಗೆ ಉಂಟು. ಓದಲು ಬಾರದವನಿಗೆ ಅಕ್ಷರ ಕಲಿಸಿದವರು ಅನೇಕರು. ಓದಲು ಬಂದರೂ ಓದಲೊಲ್ಲದವನಿಗೆ ಓದಿನ ರುಚಿ ಹತ್ತಿಸಿದವರು ವಿರಳ. ಅಂಥ ವಿರಳರಲ್ಲಿ ಅಗ್ರಗಣ್ಯರಾದವರು ಇಲ್ಲಿಗೆ ದೂರವಲ್ಲದ, ತುಂಗಭದ್ರೆಯ ದಂಡೆಯ ಹಾವನೂರಿನಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೊ ಕುಲಕರ್ಣಿಯವರು. ವರದಾ, ತುಂಗಭದ್ರೆಯರ ಸಂಗಮದಲ್ಲಿರುವ ಗಳಗನಾಥ ಕ್ಷೇತ್ರದ ಹೆಸರನ್ನೇ ಕಾವ್ಯನಾಮವಾಗಿ ಧರಿಸಿ ಅವರು ನಾಡಿಗೆ ಗಳಗನಾಥರೆಂದು ಪರಿಚಿತರಾದರು.

ಅವರ ಕಾರ್ಯದ ಮಹತ್ವವನ್ನು ಅರಿಯಬೇಕಾದರೆ ಅಂದಿನ ಪರಿಸ್ಥಿತಿಯನ್ನು ಅರಿಯಬೇಕು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದ ಶಾಲೆ, ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಡೆಪ್ಯೂಟಿ ಚನ್ನಬಸಪ್ಪನವರು (1834–1881) ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮದ ಫಲವಾಗಿ ಕನ್ನಡ ಅಕ್ಷರ ಬಲ್ಲ ಒಂದು ಪೀಳಿಗೆಯೇನೋ ಸಿದ್ಧವಾಯಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ, 1896ರಲ್ಲಿ ಅದರ ಪತ್ರಿಕೆಯಾದ 'ವಾಗ್ಭೂಷಣ'ವೂ ಹುಟ್ಟಿದವು. ಆದರೆ ಶಾಲೆಯನ್ನು ಬಿಟ್ಟ ತರುಣನು ಮುಂದೆ ಏನನ್ನು ಓದಬೇಕು? ಒಂದೆಡೆ ಪಠ್ಯಪುಸ್ತಕ, ಇನ್ನೊಂದೆಡೆ ಪಂಡಿತರ ನೆರವಿಲ್ಲದೆ ಅರ್ಥವಾಗದ ಪ್ರಾಚೀನ ಕಾವ್ಯ. ನಡುವೆ ಏನೂ ಇರಲಿಲ್ಲವೆನ್ನುವಷ್ಟು ಬರಿದು. ಕಥೆಯ ಹಸಿವುಳ್ಳವನು ಮರಾಠಿ ಕಾದಂಬರಿಗಳತ್ತ ಹೊರಳಿದರೆ ಅದರಲ್ಲಿ ಆಶ್ಚರ್ಯವೇನು?

ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದ ಗಳಗನಾಥರು ಈ ತರುಣರನ್ನು ಭಾಷಾದ್ರೋಹಿಗಳೆಂದು ಬೈಯುತ್ತ ಕೂಡಲಿಲ್ಲ. ಅವರ ಕೈ ಯಾವ ಪುಸ್ತಕದತ್ತ ಚಾಚುತ್ತಿದೆಯೋ ಅಂಥದನ್ನೇ ಕನ್ನಡದಲ್ಲಿ ಒದಗಿಸಲು ನಿಂತರು. 'ಪ್ರಬುದ್ಧ ಪದ್ಮನಯನೆ'ಯಿಂದ ಆರಂಭವಾದ ಅವರ ಬರವಣಿಗೆ 'ಮಾಧವ ಕರುಣಾವಿಲಾಸ'ದಲ್ಲಿ ವಿಜಯನಗರದ ಸ್ಥಾಪನೆಯನ್ನೂ, 'ಕನ್ನಡಿಗರ ಕರ್ಮಕಥೆ'ಯಲ್ಲಿ 1565ರ ಅದರ ಪತನವನ್ನೂ ಕಥೆಯಾಗಿಸಿತು. ಹಾವನೂರಿನ ಬದಿಯಲ್ಲಿ ಹರಿಯುವ ಹೊಳೆಯೇ ಮುಂದೆ ಹಂಪೆಯ ಬದಿಯಲ್ಲಿ ಹರಿಯುತ್ತದೆ. ತಾನು ದಿನವೂ ಈಜುವ ಹೊಳೆಯ ದಂಡೆಯಲ್ಲಿಯೇ ಒಂದು ಸಾಮ್ರಾಜ್ಯವು ಹುಟ್ಟಿ ಅಳಿಯಿತೆಂಬ ಕಥೆಯನ್ನು ಹಿಡಿದ ಬಾಲಕನು ಅದನ್ನು ಮುಗಿಸದೆ ಕೆಳಗಿಡುವುದು ಕಷ್ಟ. 1907ರಲ್ಲಿ ಸಮೀಪದ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿ, ಬೋಧೆಯೂ ಕಥೆಯೂ ಒಂದೇ ಹಾದಿಯಲ್ಲಿ ನಡೆಯಬಲ್ಲವೆಂದು ಅವರು ತೋರಿಸಿಕೊಟ್ಟರು.

ಆದರೆ ಬರೆದು ಅಚ್ಚು ಹಾಕಿಸಿದ ಮಾತ್ರಕ್ಕೆ ಪುಸ್ತಕವು ಓದುಗನನ್ನು ಮುಟ್ಟುವುದಿಲ್ಲ. ಅಂಗಡಿಯಿಲ್ಲದ ಊರಿನಲ್ಲಿ, ಕೊಳ್ಳುವ ರೂಢಿಯಿಲ್ಲದ ಜನರಲ್ಲಿ ಅದು ಮುಟ್ಟುವುದಾದರೂ ಹೇಗೆ? ಗಳಗನಾಥರು ಪುಸ್ತಕದ ಗಂಟನ್ನು ತಾವೇ ಹೊತ್ತು ಊರಿಂದೂರಿಗೆ ನಡೆದು ಮಾರಿದರು. ಈ ಹೊರೆಯನ್ನು ನಾವು ತ್ಯಾಗದ ದೃಷ್ಟಾಂತವೆಂದಷ್ಟೇ ಕೊಂಡಾಡುವುದು ವಾಡಿಕೆ. ಅದರಲ್ಲಿ ಶಿಕ್ಷಣದ ತತ್ತ್ವವೂ ಒಂದಿದೆ. ಮನೆಯ ಕಟ್ಟೆಯ ಮೇಲೆ ಗಂಟು ಬಿಚ್ಚುವವನಿಗೆ ಎದುರಿನವರ ಕಣ್ಣು ಯಾವ ಪುಸ್ತಕದ ಮೇಲೆ ನಿಂತಿತೆಂಬುದು ಕಾಣುತ್ತದೆ. ಕೊಳ್ಳುವವನಿಗೂ ಒಂದನ್ನು ಮುಟ್ಟಿ, ತೆರೆದು, ಬೇಡವೆಂದು ಬಿಟ್ಟು ಬೇರೊಂದನ್ನು ಎತ್ತಿಕೊಳ್ಳುವ ಸ್ವಾತಂತ್ರ್ಯ ದೊರೆಯುತ್ತದೆ. ಈ ಆಯ್ಕೆಯ ಸ್ವಾತಂತ್ರ್ಯವೇ ಅಭಿರುಚಿಯ ಮೊದಲ ಮೆಟ್ಟಿಲು.

ಅವರ ಕೃತಿಗಳಲ್ಲಿ ಹಲವು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳ ರೂಪಾಂತರಗಳೆಂಬ ಆಕ್ಷೇಪವುಂಟು. ಅದು ನಿಜವೇ. 'ಕರ್ಮಕಥೆ'ಯ ಮೂಲವೂ ಆಪಟೆಯವರದೇ. ಆದರೆ ಹಸಿದವನಿಗೆ ಬೇಕಾದುದು ಅನ್ನ. ಅಕ್ಕಿ ಯಾವ ಹೊಲದ್ದೆಂಬ ವಿಚಾರಣೆ ಅನಂತರದ್ದು. ಇನ್ನೊಂದು ಮಾತನ್ನೂ ಒಪ್ಪಬೇಕು. ಇಂದಿನ ಹನ್ನೆರಡರ ಬಾಲಕನ ಕೈಗೆ 'ಮಾಧವ ಕರುಣಾವಿಲಾಸ'ವನ್ನಿತ್ತು ಓದೆಂದರೆ ಅವನು ಎರಡು ಪುಟ ದಾಟಲಾರನು. ಆ ದೀರ್ಘ ವಾಕ್ಯಗಳು ಅವನ ಕಾಲದವಲ್ಲ. ಆದ್ದರಿಂದ ನಾವು ಅನುಸರಿಸಬೇಕಾದುದು ಗಳಗನಾಥರ ಪುಸ್ತಕಗಳನ್ನಲ್ಲ, ಅವರ ಪದ್ಧತಿಯನ್ನು. ತಮ್ಮ ಕಾಲದ ಓದುಗನನ್ನು ಅವನಿದ್ದಲ್ಲಿಗೆ ಹೋಗಿ ಕಂಡರೆಂಬುದೇ ಅವರ ಹಿರಿಮೆ.

ಅನಂತರದವರೂ ಇದೇ ಹಾದಿಯನ್ನು ಬೇರೆ ಬೇರೆ ದಿಕ್ಕಿನಿಂದ ತುಳಿದರು. ಪಂಜೆ ಮಂಗೇಶರಾಯರು ಎಳೆಯರ ನಾಲಿಗೆಗೆ ಒಗ್ಗುವ ಹಾಡು, ಕಥೆಗಳನ್ನು ರಚಿಸಿದರು. ಶಿವರಾಮ ಕಾರಂತರು 1936ರಲ್ಲಿ 'ಬಾಲ ಪ್ರಪಂಚ'ದ ಮೂರು ಸಂಪುಟಗಳ ಮೂಲಕ, ಕಥೆಗಿಂತ ಲೋಕದ ಸಂಗತಿಗಳಲ್ಲಿಯೇ ಆಸಕ್ತಿಯುಳ್ಳ ಮಕ್ಕಳಿಗೆ ಬಾಗಿಲು ತೆರೆದರು. 1949ರಿಂದ ಕನ್ನಡದಲ್ಲಿ ಬಂದ 'ಚಂದಮಾಮ'ವು ಚಿತ್ರದ ಸೆಳೆತದಿಂದಲೇ ಅಕ್ಷರದತ್ತ ಒಯ್ಯಿತು. ಅದು ಈಗ ನಿಂತುಹೋಗಿದೆ. 1970ರ ದಶಕದಲ್ಲಿ ರಾಷ್ಟ್ರೋತ್ಥಾನದವರು ಹೊರಡಿಸತೊಡಗಿದ 'ಭಾರತ-ಭಾರತಿ' ಮಾಲೆಯ ಪುಟ್ಟ ಪುಸ್ತಕಗಳು ಐನೂರನ್ನು ಮೀರಿದವು. ದಪ್ಪ ಗ್ರಂಥಕ್ಕೆ ಹೆದರುವ ಬಾಲಕನೂ ಒಂದೇ ಕೂಡಿಕೆಯಲ್ಲಿ ಓದಿ ಮುಗಿಸಿ, 'ನಾನೊಂದು ಪುಸ್ತಕ ಮುಗಿಸಿದೆ' ಎನ್ನುವ ಹೆಮ್ಮೆಯನ್ನು ಪಡೆದನು. ಹಾಡಿಗೆ ಒಲಿಯುವವನು ಒಬ್ಬ, ಸಂಗತಿಗೆ ಒಲಿಯುವವನು ಇನ್ನೊಬ್ಬ, ಚಿತ್ರಕ್ಕೆ ಒಲಿಯುವವನು ಮತ್ತೊಬ್ಬ. ಓದಲೊಲ್ಲನೆಂದು ನಾವು ಹಣೆಪಟ್ಟಿ ಹಚ್ಚುವ ಹುಡುಗನು ಬಹುಮಟ್ಟಿಗೆ ತನ್ನ ಪುಸ್ತಕವನ್ನು ಇನ್ನೂ ಕಾಣದವನು.

ಇಂದು ಸೌಕರ್ಯಗಳಿಗೆ ಕೊರತೆಯಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ತರುವಾಯ ನಾಡಿನಲ್ಲಿ ಗ್ರಂಥಾಲಯಗಳ ಜಾಲವೇ ಹರಡಿತು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮವು ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕಲ್ಪಿಸಿತು. ಆದರೂ ಕಪಾಟಿನ ಬೀಗ ತೆಗೆದವನೇ ಮಗುವಿನ ಮನಸ್ಸಿನ ಬೀಗವನ್ನೂ ತೆಗೆದನೆಂದು ತಿಳಿಯಲಾಗದು. ಪರೀಕ್ಷೆಗಾಗಿ ಮಾತ್ರ ಓದಿದ ಮಗುವು ಪರೀಕ್ಷೆ ಮುಗಿದ ದಿನವೇ ಪುಸ್ತಕಕ್ಕೆ ವಿದಾಯ ಹೇಳುತ್ತದೆ. ಹಾಗೆ ವಿದಾಯ ಹೇಳಿದವನಿಗೆ ಮುಂದೆ ಶರಣರ ವಚನವೂ ಬರಿಯ ಅಂಕದ ಪ್ರಶ್ನೆಯಾಗಿಯೇ ಉಳಿದೀತು. ನಷ್ಟವು ಅವನೊಬ್ಬನದೇ ಅಲ್ಲ.

ಮಠದ ಪ್ರಸಾದ ನಿಲಯಗಳಲ್ಲಿ ಉಂಡು, ಓದಿ, ಬದುಕು ಕಟ್ಟಿಕೊಂಡ ಹಿರಿಯರು ಇದನ್ನು ಮನಗಾಣಬೇಕು. ಮಕ್ಕಳಿಗೆ ನಾಲ್ಕಾರು ಬಗೆಯ ಪುಸ್ತಕಗಳನ್ನು ಹರಡಿ ಆರಿಸಲು ಬಿಡಿರಿ. ರುಚಿಸದುದನ್ನು ಅರ್ಧಕ್ಕೆ ಬಿಟ್ಟರೆ ಗದರಿಸಬೇಡಿರಿ. ಓದಿದ ಮೇಲೆ ಪ್ರಶ್ನೆ ಕೇಳಿ ಪರೀಕ್ಷಿಸದೆ, ಕಥೆ ಹೇಳೆಂದು ಕೇಳಿ ಆಲಿಸಿರಿ. ಸಂಜೆ ಒಂದಿಷ್ಟು ಹೊತ್ತು ನೀವೇ ಗಟ್ಟಿಯಾಗಿ ಓದಿ, ಕುತೂಹಲ ಕೆರಳಿದೆಡೆಯಲ್ಲಿ ನಿಲ್ಲಿಸಿ ಪುಸ್ತಕವನ್ನು ಅಲ್ಲಿಯೇ ಇಟ್ಟು ಏಳಿರಿ. 1942ರಲ್ಲಿ ತೀರಿಕೊಂಡ ಗಳಗನಾಥರು ಹೊತ್ತ ಗಂಟು ಭಾರವಾದುದಾಗಿತ್ತು. ನಮ್ಮ ಪಾಲಿಗೆ ಉಳಿದಿರುವ ಹೊರೆ ಅದಕ್ಕಿಂತ ಬಹಳ ಹಗುರ.