ಶಾಲೆಯ ಚೀಟಿ, ಅಮ್ಮನ ಭಾಷೆ

ಕ್ಯಾಲಿಫೋರ್ನಿಯಾದಲ್ಲಿ ಮಗಳ ಮನೆಗೆ ಹೋಗಿರುವ ನಮ್ಮ ದೊಡ್ಡಮ್ಮ ಮೊನ್ನೆ ಗಾಬರಿಯಿಂದ ಫೋನ್ ಮಾಡಿದ್ರು. ಮೊಮ್ಮಗನ ಶಾಲೆಯಿಂದ ಮೊಬೈಲಿಗೆ ಕನ್ನಡದಲ್ಲೇ ಸಂದೇಶ ಬಂದಿದೆ: "ಶುಕ್ರವಾರ ವಿದ್ಯಾರ್ಥಿಗಳ ಆರಂಭಿಕ ಬಿಡುಗಡೆ". "ಬಿಡುಗಡೆ ಅಂದ್ರೆ ಏನೋ? ಮಗೂನ ಕೂಡಿ ಹಾಕಿದಾರೇನೋ?" ಅಂತ! ಅವತ್ತು ಶಾಲೆ ಬೇಗ ಬಿಡುತ್ತೆ ಅಷ್ಟೇ ಅಂತ ಬಿಡಿಸಿ ಹೇಳಿದ ಮೇಲೆ ಇಬ್ಬರೂ ನಕ್ಕಿದ್ದಾಯ್ತು :)

ಆಮೇಲೆ ಯೋಚನೆ ಹತ್ತಿತು. ಅಮೆರಿಕಾದ ಶಾಲೆ ದೊಡ್ಡಮ್ಮನಿಗೆ ಕನ್ನಡದಲ್ಲಿ ಯಾಕೆ ಬರೆಯಬೇಕು? ಸಾಫ್ಟ್‌ವೇರಿನವನಾದ ನನಗೆ ಮೊದಲು ಹೊಳೆದ ಉತ್ತರ, "ತಂತ್ರಜ್ಞಾನ ಇದೆ, ಅದಕ್ಕೆ". ಹುಡುಕುತ್ತಾ ಹೋದರೆ ಆ ಉತ್ತರ ಅರ್ಧ ಸರಿ ಅಷ್ಟೇ.

ಯಂತ್ರಾನುವಾದ ಹುಟ್ಟಿದ್ದು ಶಾಲೆಗಾಗಿ ಅಲ್ಲ, ಶೀತಲ ಸಮರಕ್ಕಾಗಿ. 1954ರ ಜನವರಿಯಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ 250 ಪದ, 6 ವ್ಯಾಕರಣ ನಿಯಮ ಇಟ್ಟುಕೊಂಡು ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಂದು ತೋರಿಸಿದರು. 1966ರಲ್ಲಿ ಅಲ್ಪ್ಯಾಕ್ ವರದಿ "ಇದರಿಂದ ಅಂಥ ಪ್ರಯೋಜನ ಕಾಣುತ್ತಿಲ್ಲ" ಎಂಬರ್ಥದ ಮಾತು ಹೇಳಿದ ಮೇಲೆ ಅಲ್ಲಿ ದುಡ್ಡು ಬತ್ತಿತು.

ಯಂತ್ರ ಹೀಗೆ ಮಲಗಿದ್ದಾಗಲೇ ಹಕ್ಕಿನ ಕಥೆ ಶುರುವಾಯ್ತು. 1970ರ ಮೇ ತಿಂಗಳಲ್ಲಿ ಅಮೆರಿಕಾದ ನಾಗರಿಕ ಹಕ್ಕುಗಳ ಕಚೇರಿ ಶಾಲೆಗಳಿಗೊಂದು ಸುತ್ತೋಲೆ ಕಳಿಸಿತು. ಬೇರೆ ಪೋಷಕರಿಗೆ ತಿಳಿಸುವುದನ್ನೆಲ್ಲಾ ಭಾಷಾ ಅಲ್ಪಸಂಖ್ಯಾತ ಪೋಷಕರಿಗೂ ತಿಳಿಸಬೇಕು, ಬೇಕಾದರೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ! ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮೂಲದ ಕುಟುಂಬಗಳು ಕೋರ್ಟಿಗೆ ಹೋದವು. ಇಂಗ್ಲಿಷ್ ಬಾರದ ಸುಮಾರು 1,800 ಮಕ್ಕಳಿಗೆ ಯಾವ ನೆರವೂ ಇರಲಿಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಮೇಷ್ಟ್ರು ಕೊಟ್ಟ ಮಾತ್ರಕ್ಕೆ ಸಮಾನತೆ ಆಗಲ್ಲ ಅಂತ 1974ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಅದೇ ಲಾವ್ ವರ್ಸಸ್ ನಿಕೋಲ್ಸ್.

ಆದರೆ ಶಾಲೆಯ ಕೋಣೆಯಲ್ಲಿ ಅನುವಾದ ಮಾಡುತ್ತಿದ್ದವರು ಯಾರು? ಹೆಚ್ಚಾಗಿ ಮಕ್ಕಳೇ. ಇದು ನನಗೆ ಚೆನ್ನಾಗಿ ಗೊತ್ತು. ನಮ್ಮೂರಿನ ಇಂಗ್ಲಿಷ್ ಮೀಡಿಯಂ ಶಾಲೆಯ ಡೈರಿಯಲ್ಲಿ ಟೀಚರ್ ಇಂಗ್ಲಿಷಿನಲ್ಲಿ ಬರೆದದ್ದನ್ನು ಅಪ್ಪನಿಗೆ ಓದಿ ಹೇಳುತ್ತಿದ್ದವನು ನಾನೇ. ಗಣಿತದಲ್ಲಿ ಫೇಲಾದ ದಿನ "ಇನ್ನೂ ಸ್ವಲ್ಪ ಓದಬೇಕಂತೆ" ಅಂತ ಅನುವಾದಿಸಿದ್ದೆ. ಅಪ್ಪ ನಂಬಿ ಸಹಿ ಹಾಕಿದರು. ಆ ಸಹಿ ಈಗಲೂ ಚುಚ್ಚುತ್ತೆ.

ಇದಕ್ಕೇ 2015ರ ಜನವರಿಯಲ್ಲಿ ಅಮೆರಿಕಾದ ಶಿಕ್ಷಣ ಮತ್ತು ನ್ಯಾಯ ಇಲಾಖೆಗಳು ಪತ್ರ ಬರೆದವು: ಮಕ್ಕಳನ್ನು, ನೆಂಟರನ್ನು ದುಭಾಷಿ ಮಾಡಬೇಡಿ, ಯಂತ್ರದ ಅನುವಾದ ಬಳಸಿದರೆ ಅರ್ಥ ಕೆಡದಂತೆ ನೋಡಿಕೊಳ್ಳಿ.

ಅಷ್ಟರಲ್ಲಿ ಯಂತ್ರವೂ ಎದ್ದು ಕೂತಿತ್ತು. 1997ರಲ್ಲಿ ಆಲ್ಟಾವಿಸ್ಟಾದ ಬೇಬಲ್ ಫಿಶ್, 2006ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್. ನಮ್ಮಲ್ಲಿ ಐಐಟಿ ಕಾನ್ಪುರದಲ್ಲಿ ಬೆಳೆದ 'ಅನುಸಾರಕ' ಕನ್ನಡದಿಂದ ಹಿಂದಿಗೆ ದಾರಿ ಹುಡುಕಿತ್ತು. ಗೂಗಲ್‌ಗೆ ಕನ್ನಡ ಬಂದದ್ದು 2011ರಲ್ಲಿ, ನ್ಯೂರಲ್ ವಿಧಾನ 2017ರಲ್ಲಿ. ವಾಕ್ಯ ನಯವಾಯಿತು. ತಪ್ಪೂ ನಯವಾಯಿತು! ಮೊದಲು ತಪ್ಪು ಎದ್ದು ಕಾಣುತ್ತಿತ್ತು, ಈಗ 'ಬಿಡುಗಡೆ'ಯ ಹಾಗೆ ಸರಾಗವಾಗಿ ನುಸುಳುತ್ತೆ.

ವಿಚಿತ್ರ ನೋಡಿ, ಯಂತ್ರ ಕೈಗೆ ಬಂದ ಕಾಲಕ್ಕೆ ಹಕ್ಕು ಸಡಿಲವಾಗುತ್ತಿದೆ. ಸರ್ಕಾರಿ ಸೇವೆ ಇಂಗ್ಲಿಷ್ ಬಾರದವರಿಗೂ ಸಿಗಬೇಕೆಂದು 2000ದಲ್ಲಿ ಹೊರಟಿದ್ದ ಅಧ್ಯಕ್ಷರ ಆದೇಶ 2025ರ ಮಾರ್ಚಿನಲ್ಲಿ ರದ್ದಾಯಿತು. ಆಗಸ್ಟಿನಲ್ಲಿ 2015ರ ಆ ಪತ್ರವನ್ನೂ ಹಿಂದಕ್ಕೆ ಪಡೆದರು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಮಾತ್ರ ಉಳಿದಿದೆ. ಆ್ಯಪ್ ಇದ್ದರೂ ಕಳಿಸಲೇಬೇಕು ಅನ್ನುವ ಕಟ್ಟಳೆ ಇಲ್ಲದಿದ್ದರೆ ಒಂದು ದಿನ ಯಾರೋ ಬಜೆಟ್ ಕಡಿತದಲ್ಲಿ ಅದನ್ನು ತೆಗೆದುಹಾಕಬಹುದು.

ಅಮೆರಿಕಾ ಹಾಗಿರಲಿ. ಕರ್ನಾಟಕದಲ್ಲೇ ಎಷ್ಟು ಶಾಲೆಗಳು ಕನ್ನಡದ ಅಪ್ಪ-ಅಮ್ಮಂದಿರಿಗೆ ಇಂಗ್ಲಿಷ್ ಚೀಟಿ ಕಳಿಸುತ್ತವೆ? ಅದಕ್ಕೆ ನ್ಯೂರಲ್ ನೆಟ್‌ವರ್ಕ್ ಬೇಕಿಲ್ಲ, ಕನ್ನಡ ಬರೆಯಬಲ್ಲ ಒಬ್ಬ ಗುಮಾಸ್ತ ಸಾಕು. ನಿಮ್ಮ ಮನೆಯಲ್ಲಿ ಚೀಟಿ ಓದುತ್ತಿದ್ದವರು ಯಾರು?