ಒಂದು ಲೆವೆಲ್‌ಗೆ ಎಷ್ಟು ಶನಿವಾರ? | ದಾಳದ ಚರಿತ್ರೆ, ಭಾಗ 4

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಡಿ ಅಂಡ್ ಡಿ ಗ್ಯಾಂಗ್‌ನಿಂದ ಒಬ್ಬಳು ಬಿಟ್ಟು ಹೋದಳು. ಜಗಳ ಏನೂ ಇಲ್ಲ. ಒಂಬತ್ತು ಶನಿವಾರ ಆಡಿದ್ರೂ ಅವಳ ವಿಝರ್ಡ್ ಇನ್ನೂ 2ನೇ ಲೆವೆಲ್‌ನಲ್ಲೇ ಇತ್ತು. "ಒಂದು ಫೈರ್‌ಬಾಲ್ ಹಾಕೋಕೆ ನನ್ ಡಿಗ್ರಿನೇ ಮುಗೀಬೇಕೇನೋ?" ಅಂದಳು. ಮುಂದಿನ ವಾರ ಬರಲಿಲ್ಲ.

ಡಿಎಂ ನಾನೇ. ಕಥೆ ನಡೆಸೋದೂ ನಾನೇ, ಲೆವೆಲ್ ಕೊಡೋದೂ ನಾನೇ. "ಹಳೇ ಕಾಲದಲ್ಲಿ ಹೀಗೇ ಆಡ್ತಿದ್ರು, ಕಷ್ಟಪಟ್ಟು ಮೇಲೆ ಬರಬೇಕು" ಅಂತ ದೊಡ್ಡದಾಗಿ ಭಾಷಣ ಬಿಗಿದಿದ್ದೆ. ಹಳೇ ಕಾಲದಲ್ಲಿ ನಿಜವಾಗ್ಲೂ ಹೇಗೆ ಆಡ್ತಿದ್ರು ಅಂತ ಸರಿಯಾಗಿ ಓದಿದ್ದು ಅವಳು ಹೋದ ಮೇಲೆ.

1974. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರೋ ಲೇಕ್ ಜಿನೀವಾ ಅನ್ನೋ ಸಣ್ಣ ಊರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೂರು ಪುಟ್ಟ ಪುಸ್ತಕಗಳ ಪೆಟ್ಟಿಗೆಯಾಗಿ ಹೊರಬಂತು. ಲೆವೆಲ್ ಏರಲು ಎಕ್ಸ್‌ಪಿ ಬೇಕು, ಎಕ್ಸ್‌ಪಿಗೆ ಚಿನ್ನ ಬೇಕು. ನೆಲಮಾಳಿಗೆಯಿಂದ ಒಂದು ಚಿನ್ನದ ನಾಣ್ಯ ಹೊತ್ತು ತಂದರೆ ಒಂದು ಎಕ್ಸ್‌ಪಿ. 2ನೇ ಲೆವೆಲ್ ಮುಟ್ಟೋಕೆ ಫೈಟರ್‌ಗೆ 2000, ಮ್ಯಾಜಿಕ್ ಬಲ್ಲವನಿಗೆ 2500. ರಾಕ್ಷಸರನ್ನ ಕೊಂದರೂ ಪಾಯಿಂಟ್ ಇತ್ತು, ಆದರೆ 1975ರ ಗ್ರೇಹಾಕ್ ಪುಸ್ತಕ ಅದನ್ನ ಜೋರಾಗಿ ಕತ್ತರಿಸಿತು. ಹಾಗಾಗಿ ಜಾಣರು ರಾಕ್ಷಸ ಮಲಗಿದ್ದಾಗ ಪೆಟ್ಟಿಗೆ ಎತ್ತಿಕೊಂಡು ಓಡ್ತಿದ್ರು. ಹೊಡೆದಾಡಿದರೆ 1ನೇ ಲೆವೆಲ್ ಪಾತ್ರ ಒಂದೇ ಏಟಿಗೆ ಸಾಯಬಹುದಿತ್ತು!

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಒಂದು ಕ್ಯಾಂಪೇನ್‌ಗೆ 4ರಿಂದ 50 ಜನ ಅಂತ ಆ ಪುಸ್ತಕದಲ್ಲೇ ಇದೆ. ಐವತ್ತು! ಅಂದರೆ ಇವತ್ತು ಬಂದವರು ಇವತ್ತು ಆಡ್ತಾರೆ. ಒಂದೇ ಟೇಬಲ್‌ನಲ್ಲಿ 1ನೇ ಲೆವೆಲ್ಲೂ ಇರುತ್ತೆ, 6ನೇ ಲೆವೆಲ್ಲೂ ಇರುತ್ತೆ. ಪಾತ್ರ ಸತ್ತರೆ ಹೊಸದು ಬರೆದುಕೊಂಡು ಮತ್ತೆ ಕೂರೋದು. ಕಥೆಗೆ ಕೊನೆ ಅನ್ನೋದೇ ಇಲ್ಲ.

ಎರಡೇ ವರ್ಷದಲ್ಲಿ ಕೆಲವರು ತಮ್ಮ ಪಾತ್ರ 40ನೇ ಲೆವೆಲ್ ದಾಟಿದೆ ಅಂತ ಕೊಚ್ಚಿಕೊಳ್ಳೋಕೆ ಶುರು ಮಾಡಿದ್ರು. ಗೈಗ್ಯಾಕ್ಸ್‌ಗೆ ಇದು ಸರಿ ಕಾಣಲಿಲ್ಲ. 1976ರ ಏಪ್ರಿಲ್‌ನಲ್ಲಿ ದಿ ಸ್ಟ್ರಾಟೆಜಿಕ್ ರಿವ್ಯೂ ಪತ್ರಿಕೆಯಲ್ಲಿ ಲೆಕ್ಕ ಕೊಟ್ಟರು: ವರ್ಷಕ್ಕೆ 50ರಿಂದ 75 ಆಟ ಆಡಿ, ಬದುಕಿ ಉಳಿದರೆ 9ರಿಂದ 11ನೇ ಲೆವೆಲ್. ಆಮೇಲೆ ವರ್ಷಕ್ಕೆ ಎರಡೋ ಮೂರೋ. 20 ಮುಟ್ಟೋಕೆ ನಾಲ್ಕೈದು ವರ್ಷ.

1979ರ ಡಂಜನ್ ಮಾಸ್ಟರ್ಸ್ ಗೈಡ್ ಇನ್ನೂ ಬಿಗಿ. ಎಕ್ಸ್‌ಪಿ ತುಂಬಿದರೂ ಸಾಲದು, ಟ್ರೇನಿಂಗ್‌ಗೆ ಹೋಗಬೇಕು. ವಾರಕ್ಕೆ ನಿಮ್ಮ ಲೆವೆಲ್ ಗುಣಿಸು 1500 ಚಿನ್ನದ ನಾಣ್ಯ ಫೀಸು. ನಮ್ಮ ಸಿಇಟಿ ಕೋಚಿಂಗೇ ವಾಸಿ.

ಆಮೇಲೆ ವೇಗ ಹೆಚ್ಚಾಯ್ತು. 1989ರಲ್ಲಿ ಚಿನ್ನದ ಎಕ್ಸ್‌ಪಿ ಬೇಕಿದ್ರೆ ಇಟ್ಕೊಳ್ಳಿ ಅನ್ನೋ ರೂಲ್ ಆಯ್ತು. 2000ದಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ತಂದ ಮೂರನೇ ಆವೃತ್ತಿಯಲ್ಲಿ ಎಲ್ಲ ಕ್ಲಾಸ್‌ಗೂ ಒಂದೇ ಪಟ್ಟಿ, ಸುಮಾರು 13 ಸರಿಸಮಾನ ಹೋರಾಟಕ್ಕೆ ಒಂದು ಲೆವೆಲ್. 2014ರ ಗೈಡ್‌ನಲ್ಲಿ ಎಕ್ಸ್‌ಪಿ ಎಣಿಸದೇ ಏರೋ ದಾರಿನೂ ಇದೆ: ಮೊದಲ ಸೆಷನ್‌ಗೆ 2ನೇ ಲೆವೆಲ್, ಇನ್ನೊಂದಕ್ಕೆ 3, ಮತ್ತೆರಡಕ್ಕೆ 4, ಆಮೇಲೆ ಲೆವೆಲ್‌ಗೆ ಎರಡು ಅಥವಾ ಮೂರು ಸೆಷನ್.

ಕೂಡಿಸಿ ನೋಡಿ. 36ರಿಂದ 52 ಸೆಷನ್‌ಗೆ 20ನೇ ಲೆವೆಲ್! ಗೈಗ್ಯಾಕ್ಸ್ ಕಾಲದಲ್ಲಿ ಅಷ್ಟು ಆಡಿದವರು ಹೆಚ್ಚೆಂದರೆ 9ರ ಹತ್ತಿರ ಇರ್ತಿದ್ರು.

ಇದನ್ನ ನೋಡಿ "ಈಗಿನವರಿಗೆ ತಾಳ್ಮೆ ಇಲ್ಲ" ಅನ್ನೋರಿದ್ದಾರೆ. ನಾನೂ ಅಂದಿದ್ದೆ. ಆದರೆ ನಾವು ಆಡ್ತಿದ್ದದ್ದು 2014ರ ಪುಸ್ತಕ, ಹಿಡಿದ ವೇಗ 1976ರದ್ದು. ಅವರಿಗೆ ವರ್ಷಕ್ಕೆ 50ರ ಮೇಲೆ ಆಟ. ನಮಗೆ ಇಂಟರ್ನಲ್ಸ್, ಹಬ್ಬ, ಊರಿಗೆ ಹೋಗೋದು ಎಲ್ಲ ಕಳೆದು ಸೆಮಿಸ್ಟರ್‌ಗೆ ಹನ್ನೆರಡು ಶನಿವಾರ ಸಿಕ್ಕರೆ ಪುಣ್ಯ. ಅವರದ್ದು ಬಂದು ಹೋಗೋರ ಟೇಬಲ್, ನಮ್ಮದು ಅದೇ ಐದು ಜನ, ಅದೇ ಒಂದು ಕಥೆ. ನಿಧಾನ ಮಾಡಿದ ನಾನು ಆ ಕಾಲದ ಚಿನ್ನವನ್ನಾದ್ರೂ ಕೊಟ್ಟಿದ್ನಾ? ಅದೂ ಇಲ್ಲ. ಎಷ್ಟು ರಿಸ್ಕ್ ತಗೊಂಡ್ರೆ ಎಷ್ಟು ಬೇಗ ಏರ್ತೀವಿ ಅನ್ನೋದು ಆಗ ಆಟಗಾರರ ಕೈಲೂ ಇತ್ತು. ನಮ್ಮ ಟೇಬಲ್‌ನಲ್ಲಿ ಎಲ್ಲಾ ನನ್ನ ಮೂಡ್ ಮೇಲೆ. (ಚಿನ್ನದ ರೂಲ್ ನನಗೆ ಈಗಲೂ ಇಷ್ಟ. ಅದು ಹೋದಾಗ ಕಳ್ಳತನದ ಮಜಾ ಅರ್ಧ ಹೋಯ್ತು.)

ಈ ಶನಿವಾರ ಹೊಸ ಕ್ಯಾಂಪೇನ್. ಎಲ್ಲರೂ 3ನೇ ಲೆವೆಲ್‌ನಿಂದ ಶುರು, ಎರಡು ಸೆಷನ್‌ಗೆ ಒಂದು ಲೆವೆಲ್, ಮೊದಲೇ ಗ್ರೂಪ್‌ನಲ್ಲಿ ಬರೆದು ಪಿನ್ ಮಾಡಿದ್ದೀನಿ. ಅವಳಿಗೂ ಮೆಸೇಜ್ ಹಾಕಿದೆ: "ನಾಲ್ಕನೇ ವಾರ ಮುಗಿಯೋಷ್ಟರಲ್ಲಿ 5ನೇ ಲೆವೆಲ್, ಫೈರ್‌ಬಾಲ್ ಗ್ಯಾರಂಟಿ. ಸಾರಿ ಕಣೇ." ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ನಿಮ್ಮ ಟೇಬಲ್‌ನಲ್ಲಿ ಎಷ್ಟು ಸೆಷನ್‌ಗೆ ಒಂದು ಲೆವೆಲ್? ಕಾಮೆಂಟ್‌ನಲ್ಲಿ ಹಾಕಿ 🎲