ಕಪ್ಪೆಯಲ್ಲಿ ಕಾಣದ ಕೋಶ: ಒಳಕಿವಿಯ ಪೊಟ್ಯಾಶಿಯಂ ಚಾನೆಲ್‌ಗಳ ಶೋಧ

ತಲೆ ಹೊರಳಿಸಿದ ಕೆಲವೇ ಮಿಲಿಸೆಕೆಂಡುಗಳಲ್ಲಿ ಕಣ್ಣುಗುಡ್ಡೆ ಎದುರು ದಿಕ್ಕಿಗೆ ಸರಿಯುತ್ತದೆ. ಓಡುತ್ತಲೇ ಬಸ್ಸಿನ ಬೋರ್ಡು ಓದಲು ಸಾಧ್ಯವಾಗುವುದು ಇದರಿಂದಲೇ. ಒಳಕಿವಿಯ ಸಮತೋಲನ ಅಂಗಗಳು ಇಷ್ಟು ಬೇಗ ಸುದ್ದಿ ಮುಟ್ಟಿಸುವುದು ಹೇಗೆಂದು ಬಿಡಿಸಿ ನೋಡಲು ಸುಮಾರು ಏಳು ದಶಕ ಬೇಕಾಯಿತು. ವಿಳಂಬದಲ್ಲಿ ಪ್ರಯೋಗದ ಪ್ರಾಣಿಯ ಪಾಲೂ ಇದೆ.

1954ರಲ್ಲಿ ಕ್ಯಾಥರೀನ್ ಸ್ಮಿತ್ ಮತ್ತು ಸಂಗಡಿಗರು ಒಳಕಿವಿಯ ದ್ರವಗಳನ್ನು ವಿಶ್ಲೇಷಿಸಿದರು. ಅವುಗಳಲ್ಲೊಂದಾದ ಎಂಡೋಲಿಂಫ್‌ನಲ್ಲಿ ಪೊಟ್ಯಾಶಿಯಂ ಹೇರಳ, ಸೋಡಿಯಂ ಅತ್ಯಲ್ಪ. ಕೋಶದ ಹೊರಗಿನ ದ್ರವಕ್ಕೆ ಇದು ತೀರ ಅಪರೂಪದ ಗುಣ. ಎರಡೇ ವರ್ಷಕ್ಕೆ ಸ್ವೀಡನ್ನಿನ ಯಾನ್ ವೆರ್ಸೆಲ್, ಗಿನಿಯಿಲಿಯ ಕಿವಿಯಲ್ಲಿ ಚಲನೆಯನ್ನು ಗ್ರಹಿಸುವ ರೋಮಕೋಶಗಳಲ್ಲಿ ಎರಡು ಬಗೆ ಇರುವುದನ್ನು ಗುರುತಿಸಿದರು. ಎರಡನೆಯ ಬಗೆಗೆ ನರದ ಪುಟ್ಟ ತುದಿಗಳು ಅಲ್ಲಲ್ಲಿ ತಾಗುತ್ತವೆ. ಹೂಜಿಯಾಕಾರದ ಮೊದಲ ಬಗೆಯನ್ನು ಮಾತ್ರ ನರತುದಿಯೇ ಬಟ್ಟಲಿನಂತೆ ಕುತ್ತಿಗೆಯವರೆಗೂ ಅಪ್ಪಿಕೊಂಡಿತ್ತು.

ಏಕೆ?

1977ರಲ್ಲಿ ಹಡ್ಸ್‌ಪೆತ್ ಮತ್ತು ಕೋರಿ, ರೋಮಗಳನ್ನು ಬಾಗಿಸಿದರೆ ಕೋಶದ ವೋಲ್ಟೇಜ್ ಬದಲಾಗುವುದನ್ನು ನೇರವಾಗಿ ಅಳೆದರು. ಈ ಕ್ಷೇತ್ರದ ತಳಪಾಯವೇ ಆದ ಪ್ರಯೋಗವದು. ಆದರೆ ಅವರು ಬಳಸಿದ್ದು ಗೂಳಿಗಪ್ಪೆಯನ್ನು. ಕಪ್ಪೆಗಳಲ್ಲಿ ಬಟ್ಟಲು ತೊಟ್ಟ ಕೋಶಗಳೇ ಇಲ್ಲ. ಅವು ಸರೀಸೃಪ, ಹಕ್ಕಿ, ಸಸ್ತನಿಗಳಿಗಷ್ಟೇ ಸೇರಿದವು.

ಆ ಕೋಶದ ವಿಚಿತ್ರ ಸ್ವಭಾವ ಬಯಲಾದದ್ದು 1990ರಲ್ಲಿ, ಕೊರಿಯಾ ಮತ್ತು ಲ್ಯಾಂಗ್ ಪಾರಿವಾಳದ ಕಿವಿಗೆ ಕೈಹಾಕಿದಾಗ. 1996ರಲ್ಲಿ ರ್‍ಯೂಶ್ ಮತ್ತು ರೂತ್ ಆನ್ ಈಟಾಕ್ ಇಲಿಯಲ್ಲಿ ಅದನ್ನು ವಿವರವಾಗಿ ಅಳೆದರು. ವೋಲ್ಟೇಜ್ ಏರಿದ ಮೇಲೆ ತೆರೆಯಬೇಕಾದ ಪೊಟ್ಯಾಶಿಯಂ ಚಾನೆಲ್‌ಗಳು ಇಲ್ಲಿ ಕೋಶ ಸುಮ್ಮನಿದ್ದಾಗಲೇ ತೆರೆದಿರುತ್ತವೆ. ಅದರಿಂದ ಕೋಶದ ವಿದ್ಯುತ್ ರೋಧ ಕುಸಿಯುತ್ತದೆ. ರೋಮ ಬಾಗಿದಾಗ ಹುಟ್ಟುವ ವೋಲ್ಟೇಜ್ ಚಿಕ್ಕದಾಗುತ್ತದೆ, ಆದರೆ ತಡವಿಲ್ಲದೆ ಹುಟ್ಟುತ್ತದೆ. ಇಷ್ಟು ಸಣ್ಣ ಸಂಕೇತದಿಂದ ರಾಸಾಯನಿಕ ಸಂದೇಶವಾಹಕ ಬಿಡುಗಡೆಯಾಗುವುದು ಕಷ್ಟ. ಹಾಗಾದರೆ ಸುದ್ದಿ ದಾಟುವ ಬಗೆ?

ಉತ್ತರ ಬಟ್ಟಲಿನಲ್ಲೇ ಇತ್ತು. ಯಮಾಶಿತಾ ಮತ್ತು ಓಮೋರಿ 1990ರಲ್ಲೇ ಕೋಳಿಯ ಕಿವಿಯಲ್ಲಿ, ಸಂದೇಶವಾಹಕದ ಪೊಟ್ಟಣಗಳ ನೆರವಿಲ್ಲದ ರವಾನೆಯ ಕುರುಹು ಕಂಡಿದ್ದರು. ಎಂಡೋಲಿಂಫ್‌ನಿಂದ ಕೋಶದೊಳಗೆ ಬಂದು ತೆರೆದ ಚಾನೆಲ್‌ಗಳಿಂದ ಹೊರಬಿದ್ದ ಪೊಟ್ಯಾಶಿಯಂ, ಕೋಶಕ್ಕೂ ಬಟ್ಟಲಿಗೂ ನಡುವಿನ ಕಿರಿದಾದ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿನ ವೋಲ್ಟೇಜ್ ಕ್ಷಣದಲ್ಲೇ ಬದಲಾಗಿ ನರವನ್ನು ತಟ್ಟುತ್ತದೆ. ಪೊಟ್ಯಾಶಿಯಂ ಜಮೆಯಾಗುವ ಪರಿಣಾಮ ನಿಧಾನವಾಗಿ ಹಿಂಬಾಲಿಸುತ್ತದೆ. ಈ ಎರಡೂ ಒಟ್ಟಿಗೆ ನಡೆಯುವ ಬಗೆಯನ್ನು 2023ರಲ್ಲಿ ಈಟಾಕ್, ರಾಬರ್ಟ್ ರಾಫೆಲ್ ಮೊದಲಾದವರು ಗಣಿತ ಮಾದರಿಯಿಂದ ತೋರಿಸಿಕೊಟ್ಟರು. ವ್ಯರ್ಥ ಸೋರಿಕೆಯಂತೆ ಕಂಡದ್ದೇ ವೇಗದ ಮೂಲವಾಗಿತ್ತು.

ಚಾನೆಲ್ ಯಾವುದೆಂಬ ಪ್ರಶ್ನೆಯೂ ಬಹುಕಾಲ ಕಾಡಿತು. ಶಂಕೆ ಇದ್ದದ್ದು ಕೆಸಿಎನ್‌ಕ್ಯೂ4 ಜೀನಿನ ಮೇಲೆ. ಆದರೆ ಅದರ ಪ್ರೋಟೀನು ಮುಖ್ಯವಾಗಿ ಬಟ್ಟಲಿನ ಕಡೆಯೇ ನೆಲೆಸಿರುವುದು ಕಂಡುಬಂತು. 2013ರಲ್ಲಿ ಇನ್ನೊಂದು ಚಾನೆಲ್ ಜೀನಾದ ಕೆಸಿಎನ್‌ಎ10 ಇಲ್ಲದ ಇಲಿಗಳ ಸಮತೋಲನ ವ್ಯವಸ್ಥೆ ಗಣನೀಯವಾಗಿ ಕೆಟ್ಟಿರುವುದು ಪತ್ತೆಯಾಯಿತು. 2024ರಲ್ಲಿ ಈಟಾಕ್ ತಂಡ ಈ ಜೀನಿನ ಪಾತ್ರವನ್ನು ಖಚಿತಪಡಿಸಿತು: ಆ ಜೀನು ಇಲ್ಲದಿದ್ದರೆ ಮೊದಲ ಬಗೆಯ ಕೋಶಗಳ ಈ ವಿಶಿಷ್ಟ ಪ್ರವಾಹವೇ ಇಲ್ಲ. ಪಕ್ಕದ ಎರಡನೆಯ ಬಗೆಯ ಕೋಶಗಳಲ್ಲೂ ಅದೇ ಜೀನು ದುಡಿಯುತ್ತದೆ, ಆದರೆ ಅಲ್ಲಿ ಚಾನೆಲ್‌ಗಳು ವೋಲ್ಟೇಜ್ ಏರಿದ ಮೇಲಷ್ಟೇ ತೆರೆಯುತ್ತವೆ. ಒಂದೇ ಜೀನು ನೆರೆಹೊರೆಯ ಕೋಶಗಳಲ್ಲಿ ಇಷ್ಟು ಬೇರೆಯಾಗಿ ವರ್ತಿಸುವುದೇಕೆ ಎಂಬುದು ಈಗ ಸಂಶೋಧಕರ ಮುಂದಿರುವ ಪ್ರಶ್ನೆ.